ಆಳದ ಲೆಕ್ಕ, ಮೇಲಿನ ದೂಳು: ಕೋಲಾರ ಚಿನ್ನದ ಗಣಿಯಲ್ಲಿ ಐರೋಪ್ಯರ ಅಳತೆಗಳು

ಕೋಲಾರದ ಚಿನ್ನದ ಗಣಿಗಳ ಆಡಳಿತ 1880ರಿಂದ 1956ರವರೆಗೆ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಕೈಯಲ್ಲಿತ್ತು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ, ಬಾಲಾಘಾಟ್ ಎಂಬ ಗಣಿ ಕಂಪನಿಗಳ ಷೇರುದಾರರಲ್ಲಿ ಬಹುಪಾಲು ಜನ ಕೋಲಾರವನ್ನು ಕಣ್ಣಾರೆ ಕಂಡವರಲ್ಲ. ಗಣಿ ಅವರನ್ನು ತಲುಪುತ್ತಿದ್ದದ್ದು ಅಂಕಿಗಳ ರೂಪದಲ್ಲಿ: ಎಷ್ಟು ಅಡಿ ಇಳಿದರು, ಎಷ್ಟು ಟನ್ ಅದಿರು ಅರೆದರು, ಟನ್ನಿಗೆ ಎಷ್ಟು ಚಿನ್ನ ಬಂತು. ಈ ಲೆಕ್ಕದ ಅಭ್ಯಾಸವೇ ಮುಂದೆ ಬಂಡೆಯ ಬಿಸಿ, ಗಾಳಿಯ ತೇವ, ನೆಲದ ನಡುಕ, ಎದೆಗೆ ಇಳಿಯುವ ದೂಳು ಇವುಗಳ ಅಧ್ಯಯನಕ್ಕೂ ಹಬ್ಬಿತು. ಅದಕ್ಕೆ ಪರಿಸರ ಸಂಶೋಧನೆ ಎಂದು ಆಗ ಯಾರೂ ಹೆಸರಿಡಲಿಲ್ಲ. ಆದರೆ ನೆಲದಡಿಯ ಪರಿಸರವನ್ನು ತಲೆಮಾರುಗಟ್ಟಲೆ ಅಳೆದು ಬರೆದಿಟ್ಟ ಇನ್ನೊಂದು ಊರು ಭಾರತದಲ್ಲಿ ಸಿಗುವುದು ಕಷ್ಟ. ಅದೇ ಊರಿನ ನೆಲದ ಮೇಲೆ, ಚಿನ್ನ ತೆಗೆದು ಸುರಿದ ಮರಳಿನಿಂದ ಬೆಳೆದು ನಿಂತ ಸೈನೈಡ್ ಗುಡ್ಡಗಳಿಗೆ ಮಾತ್ರ ಆ ಶ್ರದ್ಧೆ ಸಿಗಲಿಲ್ಲ.

ಮೊದಲ ಅಳತೆ ಈ ಕಂಪನಿಗಳಿಗಿಂತ ಬಹಳ ಹಿಂದಿನದು. ಟಿಪ್ಪು ಸುಲ್ತಾನ ಮಡಿದ ಮೂರು ವರ್ಷಕ್ಕೆ, 1802ರಲ್ಲಿ, ಬ್ರಿಟಿಷ್ ಸೇನೆಯ 33ನೇ ರೆಜಿಮೆಂಟಿನ ಲೆಫ್ಟಿನೆಂಟ್ ಜಾನ್ ವಾರೆನ್ ಮೈಸೂರು ಸೀಮೆಯ ಪೂರ್ವದ ಗಡಿ ಗುರುತಿಸುವ ಕೆಲಸದಲ್ಲಿದ್ದ. ಊರಿಗಾಂ ಸುತ್ತಿನ ಮಣ್ಣಿನಲ್ಲಿ ಚಿನ್ನವಿದೆ ಎಂಬ ಸುದ್ದಿ ಕಿವಿಗೆ ಬಿದ್ದದ್ದೇ, ತೋರಿಸಿಕೊಟ್ಟವರಿಗೆ ಇನಾಮು ಕೊಡುವುದಾಗಿ ಸಾರಿದ. ಹಳ್ಳಿಯವರು ಗಾಡಿಯಲ್ಲಿ ಮಣ್ಣು ಹೇರಿಕೊಂಡು ಬಂದು ಅವನೆದುರಿಗೇ ತೊಳೆದು ಚಿನ್ನದ ಪುಡಿ ತೋರಿಸಿದರು. ವಾರೆನ್ ಅಷ್ಟಕ್ಕೇ ಬಿಡಲಿಲ್ಲ. ನುರಿತ ಕೈಗಳಿಂದ ತೊಳೆಸಿ, ತೂಗಿ ನೋಡಿದ. ಸುಮಾರು 120 ಪೌಂಡ್ ಮಣ್ಣಿಗೆ ಒಂದು ಗ್ರೇನ್ ಚಿನ್ನ ಎಂಬ ಲೆಕ್ಕ ಬಂತು. ಮಾರಿಕುಪ್ಪಂ ಬಳಿ ಹೊಂಡಗಳಿಗೆ ಇಳಿದು ಕಲ್ಲು ಕಿತ್ತು ಬುಟ್ಟಿಯಲ್ಲಿ ಮೇಲಕ್ಕೆ ಸಾಗಿಸುವವರನ್ನೂ, ಆ ಕಲ್ಲನ್ನು ಕುಟ್ಟಿ ತೊಳೆಯುವ ಹೆಂಗಸರನ್ನೂ ಅವನು ಕಂಡು ವರದಿ ಮಾಡಿದ. ಚಿನ್ನ ಕಂಡುಹಿಡಿದವನೆಂಬ ಹೆಸರು ವಾರೆನ್ನನಿಗೆ ಸಲ್ಲದು. ಆ ಹೆಂಗಸರಿಗೂ ಗಂಡಸರಿಗೂ ಅದು ಮೊದಲೇ ಗೊತ್ತಿತ್ತು. ಮಣ್ಣಿನ ತೂಕಕ್ಕೆ ಚಿನ್ನದ ತೂಕವನ್ನು ಹೊಂದಿಸಿ ಕಾಗದಕ್ಕೆ ಇಳಿಸಿದ್ದು ಅವನ ಪಾಲಿನ ಕೆಲಸ. ಮುಂದೆ ಮದರಾಸಿನ ಖಗೋಳ ವೀಕ್ಷಣಾಲಯವನ್ನು ನೋಡಿಕೊಂಡ ಈತ, ದಕ್ಷಿಣದ ಪಂಚಾಂಗಗಳ ಕಾಲಗಣನೆಯನ್ನು ಕುರಿತು ‘ಕಾಲಸಂಕಲಿತ’ ಎಂಬ ಗ್ರಂಥ ಬರೆದು 1825ರಲ್ಲಿ ಪ್ರಕಟಿಸಿದ.

ವಾರೆನ್ನನ ವರದಿಯನ್ನು ನಂಬಿ ಅಲ್ಲಲ್ಲಿ ನೆಲ ತೋಡಿದವರು ಕೈ ಸುಟ್ಟುಕೊಂಡರು. ಎಪ್ಪತ್ತು ವರ್ಷದ ಮೇಲೆ ಅದನ್ನು ಮತ್ತೆ ಹಿಡಿದವನು ಮೈಕೆಲ್ ಫಿಟ್ಜ್‌ಜೆರಾಲ್ಡ್ ಲವೆಲ್. ನ್ಯೂಜಿಲೆಂಡಿನ ಮಾವೋರಿ ಯುದ್ಧದಿಂದ ಬಂದು ಬೆಂಗಳೂರು ದಂಡಿನಲ್ಲಿ ನೆಲೆಸಿದ್ದ ಈ ಐರಿಷ್ ಸೈನಿಕ 1871ರಲ್ಲಿ ಕೋಲಾರದ ಕಡೆ ಸುತ್ತಿ ಬಂದ, 1873ರಲ್ಲಿ ಅರ್ಜಿ ಹಾಕಿದ, 1875ರಲ್ಲಿ ಇಪ್ಪತ್ತು ವರ್ಷದ ಪರವಾನಗಿ ಪಡೆದ. ಕೈಯಲ್ಲಿ ಹಣವಿಲ್ಲದ ಕಾರಣ 1877ರಲ್ಲಿ ಹಕ್ಕನ್ನು ಬೆಂಗಳೂರಿನ ಸೇನಾಧಿಕಾರಿಗಳ ಕೂಟವೊಂದಕ್ಕೆ ಬಿಟ್ಟುಕೊಟ್ಟ. ಆ ಕೂಟದವರು ಲಂಡನ್ನಿನ ಟೇಲರ್ ಸಂಸ್ಥೆಯನ್ನು ಕರೆತಂದರು. ಮೈಸೂರು ಗಣಿಯ ಬಂಡವಾಳ ಕರಗಿ, ಮುಚ್ಚಿಬಿಡೋಣವೆಂಬ ಮಾತು ಎದ್ದಿದ್ದಾಗ, 1883ರಲ್ಲಿ ಕ್ಯಾಪ್ಟನ್ ಪ್ಲಮರ್ ಹಳೆಯ ಹೊಂಡಗಳ ಅಡಿಯಲ್ಲೇ ಚಾಂಪಿಯನ್ ಲೋಡ್ ಎಂಬ ಸಮೃದ್ಧ ಅದಿರಿನ ಪಟ್ಟಿಯನ್ನು ಮುಟ್ಟಿದ. ಹಿಂದಿನವರು ತೋಡಿ ಬಿಟ್ಟ ಗುಂಡಿಗಳೇ ಅವನಿಗೆ ದಾರಿ ತೋರಿಸಿದ್ದವು.

ಗಣಿ ಗೆದ್ದ ಮೇಲೆ ಭೂವಿಜ್ಞಾನಿಗಳು ಬಂದರು. ಭಾರತದ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ ಕೋಲಾರದ ಶಿಲಾಪಟ್ಟಿಯನ್ನು ಧಾರವಾಡ ಶಿಲಾಸಮೂಹದ ಜೊತೆ ಸೇರಿಸಿ ವಿವರಿಸಿದರು. 1894ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಭೂವಿಜ್ಞಾನ ಇಲಾಖೆ ತೆರೆಯಿತು. ಎಫ್. ಎಚ್. ಹ್ಯಾಚ್ ಬರೆದ ಕೋಲಾರ ಗಣಿಯ ವಿಸ್ತಾರವಾದ ವರದಿ 1901ರಲ್ಲಿ ಹೊರಬಂತು. ಸಂಸ್ಥಾನಕ್ಕೆ ಈ ಆಸಕ್ತಿ ಸುಮ್ಮನೆ ಹುಟ್ಟಿದ್ದಲ್ಲ. ತೆಗೆದ ಚಿನ್ನದ ಮೇಲೆ ಶೇ 5ರ ರಾಜಧನ ಬರುತ್ತಿತ್ತು. ಕಂಪನಿಯ ಅಂಕಿಗಳನ್ನು ತಾಳೆ ನೋಡಲು ಸರ್ಕಾರಕ್ಕೂ ಬಲ್ಲವರು ಬೇಕಿದ್ದರು.

ಗಣಿಗೆ ಬೇಕಾದದ್ದೆಲ್ಲ ಬಂಗಾರಪೇಟೆಯ ಮೇಲೆ ಹಾದು ಬರಬೇಕಿತ್ತು. 1862ರಿಂದ 1870ರವರೆಗೆ ಮೈಸೂರಿನ ಚೀಫ್ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರಿನಲ್ಲಿ ಆ ನಿಲ್ದಾಣ ಬೌರಿಂಗ್‌ಪೇಟೆ ಎನಿಸಿತ್ತು. 1864ರಲ್ಲೇ ಬೆಂಗಳೂರು–ಜೋಲಾರಪೇಟೆ ಹಳಿ ಬಿದ್ದಿತ್ತು; ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಂವರೆಗಿನ ಕವಲು 1894ರಲ್ಲಿ ಓಡತೊಡಗಿತು. ಅಲ್ಲಿಯವರೆಗೆ ಎತ್ತಿನ ಗಾಡಿ ಹೊರುತ್ತಿದ್ದ ಯಂತ್ರ, ಕಲ್ಲಿದ್ದಲು, ಮರಮುಟ್ಟು ಎಲ್ಲವೂ ರೈಲು ಹತ್ತಿದವು. ಉಗಿಯಂತ್ರಗಳ ಹಸಿವು ದೊಡ್ಡದು. ಬಾಯ್ಲರಿಗೆ ಉರುವಲು, ಸುರಂಗಕ್ಕೆ ಆಸರೆಯ ದಿಮ್ಮಿ, ಸಾವಿರಾರು ಮನೆಗಳ ಒಲೆಗೆ ಸೌದೆ ಎಂದು ಬಯಲುಸೀಮೆಯ ಕುರುಚಲು ಕಾಡಿನ ಮೇಲೆ ಮೂರು ಕಡೆಯಿಂದ ಒತ್ತಡ ಬಿತ್ತು.

ಉರುವಲಿನ ಈ ಖರ್ಚೇ ಕಾವೇರಿಯ ಕಡೆ ಕಣ್ಣು ಹಾಯಿಸುವಂತೆ ಮಾಡಿತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ರಾಯಲ್ ಎಂಜಿನಿಯರ್ಸ್‌ನ ಜೋಲಿ ಡಿ ಲೋಬಿನಿಯೇರ್ ರೂಪಿಸಿದ ಶಿವನಸಮುದ್ರದ ಯೋಜನೆಗೆ ಸ್ವಿಟ್ಜರ್ಲೆಂಡಿನ ಎಷರ್ ವೀಸ್ ಟರ್ಬೈನುಗಳೂ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಜನರೇಟರುಗಳೂ ಬಂದವು. 1902ರ ಜೂನ್ 30ರಂದು, 92 ಮೈಲಿ ತಂತಿಯ ಮೇಲೆ ಹರಿದ ವಿದ್ಯುತ್ತು ಕೋಲಾರದ ಗಣಿ ಮುಟ್ಟಿತು. ಜಲಶಕ್ತಿಯಿಂದ ಹೊಗೆ ಕಡಿಮೆಯಾಯಿತೆಂದು ಇಂದು ಹೊಗಳುವವರಿದ್ದಾರೆ. ಆಗಿನ ಕಡತಗಳ ಕಾಳಜಿ ಅಗ್ಗದ ಅಶ್ವಶಕ್ತಿ ಮಾತ್ರ. ಬೇತಮಂಗಲದ ಕೆರೆಯ ಕಥೆಯೂ ಇದೇ ಜಾಡಿನದು. ಬಾಣ ಅರಸರ ಕಾಲದಷ್ಟು ಹಳೆಯ ಊರಿನ, ಪಾಲಾರ್ ನದಿಗೆ ಅಡ್ಡಕಟ್ಟಿದ ಆ ಕೆರೆಯ ನೀರನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಶುದ್ಧ ಮಾಡಿ, ಪಂಪಿನಿಂದ ಎತ್ತಿ, ಗಣಿ ಊರಿಗೆ ಕೊಳಾಯಿಯಲ್ಲಿ ಹರಿಸಲಾಯಿತು. ಬೆಂಗಳೂರಿನ ಎಷ್ಟೋ ಬಡಾವಣೆಗಳಿಗೆ ಬೀದಿದೀಪವೇ ಇಲ್ಲದ ಕಾಲದಲ್ಲಿ ಕೋಲಾರ ಗೋಲ್ಡ್ ಫೀಲ್ಡ್ಸ್ ಅಥವಾ ಕೆಜಿಎಫ್‌ನಲ್ಲಿ ದೀಪವೂ ಇತ್ತು, ನಲ್ಲಿಯೂ ಇತ್ತು. ಬಂಗಲೆಗಳಿಗೆ ಮನೆಯೊಳಗೆ, ಲೈನ್ ಮನೆಗಳ ಕಾರ್ಮಿಕರಿಗೆ ಬೀದಿ ಮೂಲೆಯಲ್ಲಿ.

ಊರಿನ ಮುಂದಿನ ಗತಿಯನ್ನು ನಿರ್ಧರಿಸಿದ್ದು ಗ್ಲಾಸ್ಗೋದ ಒಂದು ಪ್ರಯೋಗಾಲಯ. ಅಲ್ಲಿನ ಮೆಕಾರ್ಥರ್ ಮತ್ತು ಫಾರೆಸ್ಟ್ ಸಹೋದರರು 1887ರಲ್ಲಿ ಸೈನೈಡ್ ವಿಧಾನಕ್ಕೆ ಪೇಟೆಂಟ್ ಪಡೆದರು. ಅದಕ್ಕೆ ಮುನ್ನ ಅದಿರನ್ನು ಸ್ಟ್ಯಾಂಪ್ ಗಿರಣಿಯಲ್ಲಿ ಜಜ್ಜಿ, ಪಾದರಸ ಬಳಿದ ತಾಮ್ರದ ತಗಡಿನ ಮೇಲೆ ನೀರಿನೊಡನೆ ಹರಿಸುತ್ತಿದ್ದರು. ಚಿನ್ನ ಪಾದರಸಕ್ಕೆ ಅಂಟಿಕೊಳ್ಳುತ್ತಿತ್ತು. ಹಾಗೆ ಅಂಟದ ಸಣ್ಣ ಕಣಗಳು ಮರಳಿನ ಜೊತೆ ಹೊರಗೆ ಹೋಗುತ್ತಿದ್ದವು. ಸೈನೈಡ್ ಬಂದ ಮೇಲೆ ಆ ಮರಳನ್ನು ದೊಡ್ಡ ತೊಟ್ಟಿಗಳಲ್ಲಿ ತುಂಬಿ, ತೆಳು ಸೈನೈಡ್ ದ್ರಾವಣದಲ್ಲಿ ದಿನಗಟ್ಟಲೆ ನೆನೆಸಿದರು. ಗಾಳಿಯ ಆಮ್ಲಜನಕದ ನೆರವಿನಿಂದ ಚಿನ್ನ ದ್ರಾವಣದಲ್ಲಿ ಕರಗುತ್ತದೆ. ಆ ದ್ರಾವಣವನ್ನು ಸತುವಿನ ಸಿಪ್ಪೆ ತುಂಬಿದ ಪೆಟ್ಟಿಗೆಗಳ ಮೂಲಕ ಹಾಯಿಸಿದರೆ ಚಿನ್ನ ಕಪ್ಪು ಕೆಸರಾಗಿ ತಳಕ್ಕೆ ಕೂರುತ್ತದೆ. 1890ರ ದಶಕದಲ್ಲಿ ಈ ವಿಧಾನ ಕೋಲಾರಕ್ಕೆ ಬಂತು. ಚಿನ್ನ ತೆಗೆದ ಮರಳನ್ನು ಗಿರಣಿಯ ಪಕ್ಕದಲ್ಲೇ ಸುರಿದರು. ವರ್ಷ ವರ್ಷಕ್ಕೂ ಅದು ದಿಣ್ಣೆಯಾಗಿ, ಗುಡ್ಡವಾಗಿ ಎದ್ದಿತು.

ಗುಡ್ಡ ಸೇರುವ ಮರಳನ್ನೂ ಪರೀಕ್ಷಿಸದೆ ಬಿಡುತ್ತಿರಲಿಲ್ಲ. ಟನ್ನಿಗೆ ಎಷ್ಟು ಚಿನ್ನ ತಪ್ಪಿಸಿಕೊಂಡು ಹೋಯಿತೆಂದು ನೋಡುವುದು ಯಾವ ಗಿರಣಿಗೂ ನಿತ್ಯದ ಕೆಲಸ, ಏಕೆಂದರೆ ಅದು ನಷ್ಟದ ಬಾಬತ್ತು. ಅದೇ ಮರಳಿನಲ್ಲಿ ಉಳಿದ ಸೈನೈಡು, ಅದಿರಿನ ಜೊತೆಗೇ ಬಂದ ಆರ್ಸೆನಿಕ್ಕು, ಗಂಧಕದ ಖನಿಜಗಳು ಯಾರ ನಷ್ಟದ ಬಾಬತ್ತೂ ಆಗಲಿಲ್ಲ. ಕೋಲಾರದ ಪರಿಸರದ ಇತಿಹಾಸವನ್ನು ಒಂದೇ ಮಾತಿನಲ್ಲಿ ಹಿಡಿಯಬೇಕೆಂದರೆ ಇದನ್ನೇ ಹೇಳಬೇಕು: ಉತ್ಪಾದನೆಗೆ ಅಡ್ಡ ಬಂದದ್ದನ್ನೆಲ್ಲ ಅಳೆದರು, ಬಾರದ್ದನ್ನು ಸುರಿದರು.

ಅಡ್ಡ ಬಂದವುಗಳಲ್ಲಿ ಮೊದಲನೆಯದು ನಡುಕ. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲೇ ಸುರಂಗದ ಬಂಡೆ ಇದ್ದಕ್ಕಿದ್ದಂತೆ ಸಿಡಿಯುವುದು ಕಾಣಿಸಿಕೊಂಡಿತು. ಗುಂಡು ಹಾರಿದಂತೆ ಸದ್ದು, ಅದರ ಬೆನ್ನಿಗೇ ದೀಪ ಆರಿಸುವಷ್ಟು ಬಿರುಗಾಳಿ. ಕೆಜಿಎಫ್‌ನವರು ಅದನ್ನು ಏರ್ ಬ್ಲಾಸ್ಟ್ ಎಂದರು. ರಾಕ್ ಬರ್ಸ್ಟ್ ಎಂಬ ಮಾತು ಆಮೇಲೆ ರೂಢಿಗೆ ಬಂತು. ಮೈಸೂರು ಭೂವಿಜ್ಞಾನ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್ 1904ರಲ್ಲಿ ಕೋಲಾರದ ಏರ್ ಬ್ಲಾಸ್ಟ್ ಮತ್ತು ನಡುಕಗಳ ಬಗ್ಗೆಯೇ ಒಂದು ಬುಲೆಟಿನ್ ಬರೆದರು. 1910ರ ದಶಕದಲ್ಲಿ ಗಣಿ ಪ್ರದೇಶದಲ್ಲಿ ವೀಚರ್ಟ್ ಭೂಕಂಪಮಾಪಕ ಕೂತಿತು. ಗಟಿಂಗೆನ್ ವಿಶ್ವವಿದ್ಯಾಲಯದ ಭೂಭೌತ ಸಂಸ್ಥೆಯ ಎಮಿಲ್ ವೀಚರ್ಟ್ ರೂಪಿಸಿದ, ಭಾರಿ ತೂಕದ ಲೋಲಕವಿರುವ ಯಂತ್ರ ಅದು. ನೆಲ ಅಲುಗಿದರೂ ತಾನು ಅಲುಗದ ಆ ತೂಕ, ಮಸಿ ಹಿಡಿಸಿದ ಕಾಗದದ ಮೇಲೆ ಸೂಜಿಯಿಂದ ಗೆರೆ ಕೊರೆಯುತ್ತದೆ. ಯುರೋಪಿನಲ್ಲಿ ದೂರದೂರದ ಭೂಕಂಪಗಳನ್ನು ಹಿಡಿಯಲು ಹುಟ್ಟಿದ ಈ ಯಂತ್ರ ಇಲ್ಲಿ ಮನುಷ್ಯರೇ ಉಂಟುಮಾಡಿದ ನಡುಕವನ್ನು ಬರೆಯತೊಡಗಿತು.

ನಡುಕದ ಕಾರಣ ಗಣಿಯ ಆಕಾರದಲ್ಲೇ ಇದೆ. ಮೈಲಿಗಟ್ಟಲೆ ಬಂಡೆಯ ಭಾರ ಹೊತ್ತು ನಿಂತ ಅದಿರಿನ ಪಟ್ಟಿಯನ್ನು ಕಿತ್ತರೆ ಆ ಭಾರ ಅಕ್ಕಪಕ್ಕದ ಬಂಡೆಗೆ ವರ್ಗವಾಗುತ್ತದೆ. ನಡುವೆ ಬಿಟ್ಟ ಕಂಬಗಳು ತಾಳುವಷ್ಟು ತಾಳಿ ಒಮ್ಮೆಗೇ ಸಿಡಿಯುತ್ತವೆ. ಹೀಗಾಗಿ ಎಲ್ಲಿಂದ ಕಡಿಯಬೇಕು, ಯಾವ ಕ್ರಮದಲ್ಲಿ ಕಡಿಯಬೇಕು, ತೆರವಾದ ಜಾಗಕ್ಕೆ ಏನು ತುಂಬಬೇಕು ಎಂಬುದೇ ಪ್ರಾಣದ ಪ್ರಶ್ನೆಯಾಯಿತು. ಮರದ ಆಸರೆಗಳು ಭಾರಕ್ಕೆ ನಜ್ಜುಗುಜ್ಜಾಗುತ್ತಿದ್ದವು, ಬೆಂಕಿಗೂ ಹೆದರಿಕೆ. ಅವುಗಳ ಜಾಗಕ್ಕೆ ಚಪ್ಪಡಿ ಕಲ್ಲಿನ ಗೋಡೆಗಳು ಬಂದವು. ಕೋಲಾರದ ಸುತ್ತ ಧಾರಾಳವಾಗಿ ಸಿಗುವ ಗ್ರಾನೈಟನ್ನು ಕಡಿದು, ಕೇಜಿನಲ್ಲಿ ಇಳಿಸಿ, ಅದಿರು ತೆಗೆದ ಬಿರುಕಿನಲ್ಲಿ ಕಟ್ಟಡದಂತೆ ಕಟ್ಟುತ್ತಿದ್ದರು. ನೆಲದಡಿಯ ಕಲ್ಲುಕುಟಿಗರ ಈ ಕಸುಬು ಬೇರೆ ದೇಶದ ಗಣಿ ತಜ್ಞರ ಕಣ್ಣನ್ನೂ ಸೆಳೆಯಿತು. ಕೋಲಾರದಲ್ಲಿ ಕೆಲಸ ಮಾಡಿದ ಆರ್. ಜಿ. ಕೆ. ಮಾರಿಸನ್ ಕೆನಡಾಕ್ಕೆ ಹೋಗಿ ಒಂಟಾರಿಯೋದ ಗಣಿಗಳ ಬಂಡೆ ಸಿಡಿತದ ಬಗ್ಗೆ 1942ರಲ್ಲಿ ಬರೆದ ವರದಿಯೂ, ಇಲ್ಲಿಯ ಅನುಭವವನ್ನು ಗಣಿತಕ್ಕೆ ಇಳಿಸಿ ಇ. ಡಿ ಸೇಂಟ್ ಕ್ಯೂ. ಐಸಾಕ್ಸನ್ 1958ರಲ್ಲಿ ತಂದ ‘ರಾಕ್ ಪ್ರೆಷರ್ ಇನ್ ಮೈನ್ಸ್’ ಗ್ರಂಥವೂ ಶಿಲಾಯಂತ್ರಶಾಸ್ತ್ರದ ಆರಂಭದ ಕೃತಿಗಳ ಸಾಲಿನಲ್ಲಿವೆ. ಮಾರಿಕುಪ್ಪಂ, ಚಾಂಪಿಯನ್ ರೀಫ್‌ಗಳಲ್ಲಿ ಬಂಡೆ ಸಿಡಿದು ಸತ್ತವರ ಹೆಸರು ಆ ಸಾಲಿನಲ್ಲಿ ಇಲ್ಲ. ಆ ಜ್ಞಾನಕ್ಕೆ ಬೆಲೆ ತೆತ್ತವರು ಮಾತ್ರ ಅವರೇ.

ಎರಡನೆಯ ಅಡ್ಡಿ ಬಿಸಿ. ಭೂಮಿಯೊಳಗೆ ಒಂದು ಕಿಲೋಮೀಟರ್ ಇಳಿದರೆ ಉಷ್ಣತೆ 25ರಿಂದ 30 ಡಿಗ್ರಿ ಏರುವುದು ಸಾಮಾನ್ಯ. ಕೋಲಾರದ ಪುರಾತನ ಶಿಲೆಯಲ್ಲಿ ಏರಿಕೆ ಅದರ ಅರ್ಧದಷ್ಟು. ಇದೇ ಇಲ್ಲಿ ಅಷ್ಟು ಆಳ ಸಾಧ್ಯವಾದದ್ದಕ್ಕೆ ಒಂದು ಕಾರಣ. ಆದರೂ ಚಾಂಪಿಯನ್ ರೀಫ್ 3.2 ಕಿಲೋಮೀಟರ್ ಆಳ ಮುಟ್ಟುವ ಹೊತ್ತಿಗೆ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಬಿಸಿಗಿಂತ ಕೆಟ್ಟದ್ದು ತೇವ. ಬೆವರು ಆರದಿದ್ದರೆ ಮೈ ತಣಿಯದು. ಅದಕ್ಕೇ ಗಣಿಯಲ್ಲಿ ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕದ ಅಂಕಿಗೆ ಹೆಚ್ಚು ಬೆಲೆ. ಅದು 30 ಡಿಗ್ರಿಯನ್ನು ಬಹಳ ಮೀರಿದ ಕಡೆ ಆಳು ಗಟ್ಟಿಮುಟ್ಟಾಗಿದ್ದರೂ ಕೆಲಸ ಸಾಗುವುದಿಲ್ಲ. ಬ್ರೆಜಿಲಿನ ಮೊರೊ ವೆಲ್ಯೊ, ದಕ್ಷಿಣ ಆಫ್ರಿಕಾದ ರ‍್ಯಾಂಡ್ ಗಣಿಗಳ ಜೊತೆಗೆ, ಗಾಳಿಯನ್ನೇ ತಣಿಸಿ ಒಳಗೆ ಕಳಿಸಿದ ಜಗತ್ತಿನ ಮೊದಲ ಗಣಿಗಳ ಪಟ್ಟಿಯಲ್ಲಿ ಕೋಲಾರವೂ ಇದೆ. 1930ರ ದಶಕದಲ್ಲಿ ಇಲ್ಲಿ ಶೀತಲ ಘಟಕಗಳು ಬಂದವು. ಊರಿನ ಸಿನಿಮಾ ಮಂದಿರಕ್ಕೂ ಇಲ್ಲದ ತಂಪು ಸುರಂಗಕ್ಕೆ ಸಿಕ್ಕಿತೆಂದರೆ ಅದಕ್ಕೆ ಲೆಕ್ಕವಿದೆ: ತಣಿಸದಿದ್ದರೆ ಅದಿರು ಮೇಲೆ ಬರುತ್ತಿರಲಿಲ್ಲ.

ಮೂರನೆಯದು ದೂಳು. ಕ್ವಾರ್ಟ್ಜ್ ಕೊರೆಯುವಾಗ ಏಳುವ ಸಿಲಿಕಾ ಶ್ವಾಸಕೋಶದಲ್ಲಿ ನೆಲೆಸಿ ಗಂಟುಕಟ್ಟುತ್ತದೆ. ಬೆನ್ನಿಗೆ ಕ್ಷಯ ಬರುತ್ತದೆ. 1940ರಿಂದ 1946ರ ನಡುವೆ ಕೆಜಿಎಫ್‌ನ 7,653 ಕಾರ್ಮಿಕರನ್ನು ಎಕ್ಸ್-ರೇ ಹಿಡಿದು ನೋಡಿದ ಅಧ್ಯಯನದಲ್ಲಿ ಶೇ 43.7 ಮಂದಿಗೆ ಸಿಲಿಕೋಸಿಸ್ ಕಂಡುಬಂತು. ಭಾರತದ ಔದ್ಯೋಗಿಕ ಆರೋಗ್ಯದ ಪುಸ್ತಕಗಳಲ್ಲಿ ಇಂದಿಗೂ ಉಲ್ಲೇಖವಾಗುವ ಅಂಕಿ ಇದು. ನೀರಿಲ್ಲದೆ ಒಣದಾಗಿ ಕೊರೆಯುವುದನ್ನು ಬಿಟ್ಟು ನೀರು ಹಾಯಿಸಿ ಕೊರೆಯುವುದು, ಗಾಳಿಯಲ್ಲಿನ ದೂಳಿನ ಕಣ ಎಣಿಸುವುದು, ಕಾಲಕಾಲಕ್ಕೆ ಎದೆಯ ಚಿತ್ರ ತೆಗೆಯುವುದು ನೆಲೆಗೊಂಡವು. 1952ರ ಗಣಿ ಕಾಯ್ದೆ ಸಿಲಿಕೋಸಿಸ್ ಅನ್ನು ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಗೆ ಸೇರಿಸಿತು. ನಡುಕ, ಬಿಸಿಗಳ ಸಂಶೋಧನೆಗೆ ಹೋಲಿಸಿದರೆ ಇದು ತಡವಾಗಿ ಬಂದದ್ದು. ಬಂಡೆ ಸಿಡಿದರೆ ಗಣಿ ಅಂದೇ ನಿಲ್ಲುತ್ತದೆ. ಸಿಲಿಕೋಸಿಸ್ ಆದವನು ಹತ್ತು ವರ್ಷ ಕೆಮ್ಮಿ, ಊರಿಗೆ ಹೋಗಿ ಸಾಯುತ್ತಾನೆ.

ಇಷ್ಟು ಆಳದ, ಇಷ್ಟು ಚೆನ್ನಾಗಿ ಅಳೆದಿಟ್ಟ ಬಂಡೆ ಭೌತವಿಜ್ಞಾನಿಗಳಿಗೂ ಬೇಕಾಯಿತು. 1951ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಿ. ವಿ. ಶ್ರೀಕಂಠನ್, ಕನ್ನಡ ನಾಡಿನವರೇ, ವಿಶ್ವಕಿರಣಗಳ ಮ್ಯೂಆನ್ ಕಣಗಳು ಎಷ್ಟು ಆಳಕ್ಕೆ ಇಳಿಯುತ್ತವೆಂದು ಅಳೆಯಲು ಗಣಿಗೆ ಬಂದರು. ಮುಂದೆ ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾಲಯ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ ಜೊತೆಗೂಡಿದವು. ಚಾಂಪಿಯನ್ ರೀಫ್‌ನ ಹೀತ್‌ಕೋಟ್ ಶಾಫ್ಟಿನಲ್ಲಿ, 7,500 ಅಡಿ ಆಳದಲ್ಲಿ ಇಟ್ಟ ಉಪಕರಣಗಳಲ್ಲಿ 1965ರಲ್ಲಿ ವಾತಾವರಣದ ನ್ಯೂಟ್ರಿನೊ ಮೊದಲ ಬಾರಿ ಕುರುಹು ಬಿಟ್ಟಿತು. ಎಂ. ಜಿ. ಕೆ. ಮೆನನ್, ಡರ್ಹಾಮಿನ ಆರ್ನಾಲ್ಡ್ ವುಲ್ಫೆಂಡೇಲ್, ಒಸಾಕಾದ ಎಸ್. ಮಿಯಾಕೆ ಈ ತಂಡಗಳ ಮುಂದಾಳುಗಳು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ ಫ್ರೆಡರಿಕ್ ರೈನ್ಸ್ ತಂಡ ಅದೇ ವರ್ಷ ಅದನ್ನೇ ಹಿಡಿಯಿತು. ಈ ಕೆಲಸದಿಂದ ಕೋಲಾರಕ್ಕೆ ಇನ್ನೊಂದು ಬಗೆಯ ಪ್ರಸಿದ್ಧಿ ಬಂತು. ಇಲ್ಲಿನ ಶಿಲೆ ಸಾಮಾನ್ಯ ಬಂಡೆಗಿಂತ ಸಾಂದ್ರ. ಆದ್ದರಿಂದ ಭೌತವಿಜ್ಞಾನದ ಪ್ರಬಂಧಗಳಲ್ಲಿ ‘ಕೋಲಾರ್ ರಾಕ್’ ಎಂಬ ಬೇರೆಯೇ ಅಳತೆಗೋಲು ನಿಂತಿತು.

1956ರ ನವೆಂಬರಿನಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. 1962ರ ಡಿಸೆಂಬರಿನಲ್ಲಿ ಅವು ಕೇಂದ್ರದ ಕೈಗೆ ಹೋದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಹುಟ್ಟಿತು. ಅಳತೆಯ ಪರಂಪರೆ ಕಡಿಯಲಿಲ್ಲ. 1962ರಲ್ಲಿ ಚಾಂಪಿಯನ್ ರೀಫ್‌ನ ಗ್ಲೆನ್ ಅದಿರು ಪಟ್ಟಿಯಲ್ಲಾದ ಸರಣಿ ಸಿಡಿತದ ಬಳಿಕ ಬಂಡೆ ಸಿಡಿತದ ಸಂಶೋಧನೆ ಬಿರುಸಾಯಿತು. 1970ರ ದಶಕದ ಕೊನೆಯಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ನೆರವಿನಿಂದ ಕಂಪನ ಗ್ರಾಹಕಗಳ ಜಾಲ ಹಬ್ಬಿತು. 1988ರಲ್ಲಿ ಕೆಜಿಎಫ್‌ನಲ್ಲೇ ರಾಷ್ಟ್ರೀಯ ಶಿಲಾಯಂತ್ರಶಾಸ್ತ್ರ ಸಂಸ್ಥೆ ಆರಂಭವಾಯಿತು. ದೇಶದ ಅಣೆಕಟ್ಟು, ಸುರಂಗಗಳಿಗೆ ಅದು ಸಲಹೆ ಕೊಟ್ಟಿತು. ಇತ್ತ ಚಿನ್ನ ಸೊರಗುತ್ತ ಬಂತು. ಆರಂಭದಲ್ಲಿ ಟನ್ನಿಗೆ 47 ಗ್ರಾಂವರೆಗೆ ಇದ್ದ ಇಳುವರಿ ಕೊನೆಗೆ 3 ಗ್ರಾಂ ಆಸುಪಾಸಿಗೆ ಬಂದಿತ್ತು. ಒಟ್ಟು 5.1 ಕೋಟಿ ಟನ್ ಅದಿರಿನಿಂದ ಸುಮಾರು 800 ಟನ್ ಚಿನ್ನ ತೆಗೆದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಪಂಪುಗಳು ನಿಂತು ಸುರಂಗಗಳಲ್ಲಿ ನೀರು ತುಂಬಿತು.

ಮೇಲೆ ಉಳಿದದ್ದು ಗುಡ್ಡ. ಹದಿಮೂರು ಗುಡ್ಡಗಳಲ್ಲಿ ಸುಮಾರು 3.3 ಕೋಟಿ ಟನ್ ಮರಳಿದೆ. ಹಿಟ್ಟಿನಷ್ಟು ನುಣ್ಣಗೆ ಅರೆದ ಈ ಮಸುಕು ಮರಳಿನ ಮೇಲೆ ಹುಲ್ಲು ಸರಿಯಾಗಿ ಬೇರೂರದು. ಮಳೆ ಬಿದ್ದ ಕಡೆಯೆಲ್ಲ ಕೊರಕಲು. ಕೊರಕಲಿನ ಹೂಳು ಚರಂಡಿಗೆ, ಹೊಲಕ್ಕೆ, ಕೆರೆಗೆ. ಆಷಾಢದ ಗಾಳಿ ಎದ್ದರೆ ದೂಳು ಲೈನ್ ಮನೆಗಳ ಒಳಗೆ ಹೊಕ್ಕು ಅನ್ನದ ಪಾತ್ರೆಯ ಮೇಲೂ ಕೂರುತ್ತದೆ. ಸೈನೈಡು ಬಿಸಿಲಿಗೂ ಗಾಳಿಗೂ ಕಾಲಕ್ರಮದಲ್ಲಿ ಒಡೆದು ಹೋಗುತ್ತದೆ. ಹೆಸರಿನಲ್ಲೇ ಭಯವಿರುವುದರಿಂದ ಜನ ಅದಕ್ಕೆ ಅಂಜುತ್ತಾರೆ. ಒಡೆಯದೆ ಉಳಿಯುವವು ಆರ್ಸೆನಿಕ್, ಭಾರಲೋಹಗಳು. ಎದೆಗೆ ಇಳಿಯುವುದು ಅದೇ ಹಳೆಯ ಸಿಲಿಕಾ. ಗಂಧಕದ ಖನಿಜಗಳು ನೀರು, ಗಾಳಿ ಸೋಕಿದಾಗ ಆಮ್ಲವಾಗಬಲ್ಲವು. ಸಿನಿಮಾದವರಿಗೆ ಈ ಗುಡ್ಡಗಳು ಒಳ್ಳೆಯ ಹಿನ್ನೆಲೆ. 2018ರ ‘ಕೆ.ಜಿ.ಎಫ್’ ಚಿತ್ರ ನೋಡಿದ ಕೋಟ್ಯಂತರ ಜನಕ್ಕೆ ದೂಳಿನ ಬಣ್ಣ ಗೊತ್ತಿದೆ, ಅದರೊಳಗೆ ಏನಿದೆ ಎಂಬುದು ಗೊತ್ತಿಲ್ಲ.

ಟೇಲರ್ ಸಂಸ್ಥೆಯ ಸ್ವಂತ ನಾಡಿನಲ್ಲಿ ಇದೇ ಕಾಲದಲ್ಲಿ ಏನಾಯಿತೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಮೊದಲ ಜಾನ್ ಟೇಲರ್ 1819ರಲ್ಲಿ ಕೈಗೆತ್ತಿಕೊಂಡ ಕನ್ಸಾಲಿಡೇಟೆಡ್ ಗಣಿಗಳು ಕಾರ್ನ್‌ವಾಲಿನಲ್ಲಿ, ಕಾರ್ನನ್ ನದಿಗೆ ನೀರು ಬಸಿಯುವ ಗ್ವೆನಪ್ ಸೀಮೆಯಲ್ಲಿವೆ. ಅದೇ ಕಣಿವೆಯ ವೀಲ್ ಜೇನ್ ತವರದ ಗಣಿ 1991ರಲ್ಲಿ ಮುಚ್ಚಿ, ಪಂಪು ನಿಂತು, 1992ರ ಜನವರಿಯಲ್ಲಿ ಲೋಹ ಕರಗಿದ ಆಮ್ಲದ ನೀರು ಕೋಟಿಗಟ್ಟಲೆ ಲೀಟರ್ ಉಕ್ಕಿ ನದಿಯನ್ನೂ ಅಳಿವೆಯನ್ನೂ ಕಿತ್ತಳೆ ಬಣ್ಣ ಮಾಡಿತು. ಅಲ್ಲಿನ ಸರ್ಕಾರಿ ಸಂಸ್ಥೆಗಳು ಶುದ್ಧೀಕರಣ ಘಟಕ ಕಟ್ಟಿದವು; ಗಣಿಯಿಂದ ಬರುವ ನೀರನ್ನು ಅಳೆದು, ತೊಳೆದು ಬಿಡುವ ಕೆಲಸ ಇಂದಿಗೂ ನಡೆದಿದೆ. ಕಾರ್ನ್‌ವಾಲಿನ ಗಣಿ ಭೂದೃಶ್ಯ 2006ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು.

ಯುರೋಪಿನಲ್ಲಿ ಈ ವಿಷಯಕ್ಕೆ ಸಂಸ್ಥೆಗಳೂ, ಅಪಘಾತಗಳ ಬೆನ್ನಲ್ಲೇ ಕಾನೂನುಗಳೂ ಬೆಳೆದವು. ಪರಿಸರದ ದತ್ತಾಂಶವನ್ನು ದೇಶದೇಶಗಳಿಂದ ಕೂಡಿಹಾಕಿ ಪ್ರಕಟಿಸುವ ಐರೋಪ್ಯ ಪರಿಸರ ಸಂಸ್ಥೆ 1994ರಿಂದ ಕೋಪನ್‌ಹೇಗನ್‌ನಲ್ಲಿ ಕೆಲಸ ಮಾಡುತ್ತಿದೆ. 1998ರ ಆರ್ಹುಸ್ ಒಪ್ಪಂದ ಪರಿಸರದ ಮಾಹಿತಿಯನ್ನು ಕೇಳಿ ಪಡೆಯುವುದು ಪ್ರಜೆಯ ಹಕ್ಕು ಎಂದಿತು. ಅದೇ ವರ್ಷ ಸ್ಪೇನಿನ ಅಸ್ನಾಲ್‌ಕೊಯಾರ್‌ನಲ್ಲಿ ಗಣಿ ತ್ಯಾಜ್ಯದ ಕಟ್ಟೆ ಒಡೆಯಿತು. 2000ದ ಜನವರಿ 30ರಂದು ರೊಮೇನಿಯಾದ ಬಾಯಾ ಮಾರೆಯಲ್ಲಿ ಸುಮಾರು ಒಂದು ಲಕ್ಷ ಘನ ಮೀಟರ್ ಸೈನೈಡ್ ನೀರು ಹೊಳೆಗೆ ನುಗ್ಗಿ, ಹಂಗೇರಿಯ ತಿಸಾ ನದಿಯ ಮೀನುಗಳನ್ನು ಕೊಂದು ಡ್ಯಾನ್ಯೂಬ್‌ವರೆಗೆ ಹರಿಯಿತು. ಇವೆರಡರ ಪರಿಣಾಮವೇ 2006ರ ಐರೋಪ್ಯ ಗಣಿ ತ್ಯಾಜ್ಯ ನಿರ್ದೇಶನ. ಗಣಿ ಮುಚ್ಚುವ ಖರ್ಚಿಗೆ ಮುಂಗಡ ಠೇವಣಿ ಇಡಬೇಕು, ತ್ಯಾಜ್ಯದ ಕೊಳದಲ್ಲಿ ಸೈನೈಡ್ ಇಷ್ಟನ್ನು ಮೀರಬಾರದು, ಮುಚ್ಚಿದ ಹಾಗೂ ವಾರಸುದಾರರಿಲ್ಲದ ಅಪಾಯಕಾರಿ ಗುಡ್ಡಗಳ ಪಟ್ಟಿ ಮಾಡಿ ಜನರ ಮುಂದಿಡಬೇಕು ಎಂಬವು ಅದರ ಮುಖ್ಯ ವಿಧಿಗಳು. ಲಂಡನ್ನಿನ ಕಂಪನಿ ಕೋಲಾರದಲ್ಲಿ ಲೆಕ್ಕವಿಟ್ಟದ್ದು ಷೇರುದಾರರಿಗಾಗಿ. ನೂರು ವರ್ಷದ ಮೇಲೆ ಯುರೋಪು ತನ್ನ ನೆಲದಲ್ಲಿ ಅದೇ ಲೆಕ್ಕವನ್ನು ನೆರೆಹೊರೆಯವರಿಗೂ ತೋರಿಸಲು ಕಲಿಯಿತು. ಕೋಲಾರಕ್ಕೆ ಆ ಪಾಠ ಅನ್ವಯಿಸುವ ಹೊತ್ತಿಗೆ ಕಂಪನಿ ಇರಲಿಲ್ಲ.

ಈಗ ಅಳತೆಗೆ ಗಣಿಗೆ ಇಳಿಯಲೂ ಬೇಕಿಲ್ಲ. ಐರೋಪ್ಯ ಒಕ್ಕೂಟದ ಕೊಪರ್ನಿಕಸ್ ಯೋಜನೆಯ ಸೆಂಟಿನೆಲ್-1 ಉಪಗ್ರಹ 2014ರಲ್ಲಿ ಮೇಲೇರಿತು. ಅದರ ರೇಡಾರ್ ನೆಲದ ಕುಸಿತವನ್ನು ಮಿಲಿಮೀಟರುಗಳಲ್ಲಿ ಹಿಡಿಯಬಲ್ಲದು. ಸೆಂಟಿನೆಲ್-2 ಹತ್ತು ಮೀಟರ್ ಸ್ಪಷ್ಟತೆಯಲ್ಲಿ ಗುಡ್ಡ, ಗಿಡ, ಕೆರೆಗಳ ಚಿತ್ರ ಕಳಿಸುತ್ತದೆ. ಎರಡೂ ಯಾರಿಗೆ ಬೇಕಾದರೂ ಉಚಿತ. ಬಂಗಾರಪೇಟೆಯ ಕಾಲೇಜಿನ ಭೂಗೋಳ ವಿಭಾಗವೊಂದು ಮನಸ್ಸು ಮಾಡಿದರೆ ಗುಡ್ಡದ ಹೂಳು ಯಾವ ಕೆರೆಯ ಕಡೆ ಸರಿಯುತ್ತಿದೆ ಎಂದು ವರ್ಷವರ್ಷವೂ ನಕ್ಷೆ ಬರೆಯಬಹುದು. ಗುಡ್ಡದ ಒಳಗೆ ಏನಿದೆ ಎಂಬುದನ್ನು ಮಾತ್ರ ಉಪಗ್ರಹ ಹೇಳದು. ಅದಕ್ಕೆ ಮಣ್ಣು ತೋಡಿ, ಬಾವಿಯ ನೀರು ತೆಗೆದು, ಪ್ರಯೋಗಾಲಯಕ್ಕೆ ಒಯ್ಯಲೇಬೇಕು.

ಆ ಕೆಲಸಕ್ಕೆ ಈಗ ಗಡುವು ಬಂದಿದೆ. ಭಾರತ್ ಗೋಲ್ಡ್ ಮೈನ್ಸ್‌ನ 1,003.4 ಎಕರೆಯಲ್ಲಿ ಹರಡಿರುವ ಹದಿಮೂರು ಗುಡ್ಡಗಳ ಮರಳಿನಿಂದ ಉಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಕರ್ನಾಟಕ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಬಾಯಾ ಮಾರೆಯಲ್ಲಿ ಕಟ್ಟೆ ಒಡೆದ ಕಂಪನಿ ಮಾಡುತ್ತಿದ್ದದ್ದೂ ಇದನ್ನೇ: ಹಳೆಯ ಗಣಿಗಳ ತ್ಯಾಜ್ಯದ ಗುಡ್ಡ ಕರಗಿಸಿ, ಸೈನೈಡಿನಿಂದ ಉಳಿಕೆ ಚಿನ್ನ ತೆಗೆಯುವುದು. ಗುಡ್ಡ ತೆರವಾದರೆ ಊರಿನ ದೂಳು ಕಡಿಮೆಯಾಗಬಹುದು, ನೆಲವೂ ಉಳಿಯಬಹುದು; ಹಾಗೆಂದು ಈ ಕೆಲಸವನ್ನು ವಿರೋಧಿಸಬೇಕಾಗಿಲ್ಲ. ಆದರೆ ಹರಾಜಿನ ಕಾಗದದಲ್ಲಿ ಟನ್ನಿಗೆ ಎಷ್ಟು ಚಿನ್ನವಿದೆ ಎಂಬ ಅಂಕಣದ ಪಕ್ಕದಲ್ಲೇ ಎಷ್ಟು ಆರ್ಸೆನಿಕ್ ಇದೆ, ಹೊಸ ಕೊಳ ಎಲ್ಲಿ ಬರುತ್ತದೆ, ಸುತ್ತಲ ಕೊಳವೆಬಾವಿಗಳ ನೀರು ಇಂದು ಹೇಗಿದೆ ಎಂಬ ಅಂಕಣಗಳೂ ಇರಬೇಕು. ಮೊದಲ ಲಾರಿ ಮರಳು ಎತ್ತುವುದಕ್ಕೆ ಮುಂಚೆಯೇ ಆ ಅಂಕಿಗಳು ಮಾರಿಕುಪ್ಪಂ, ಊರಿಗಾಂ, ಆಂಡರ್ಸನ್‌ಪೇಟೆಯ ಜನರಿಗೆ ಕನ್ನಡದಲ್ಲೂ ತಮಿಳಿನಲ್ಲೂ ಓದಲು ಸಿಗಬೇಕು.